ಫೋಲ್ಡರಿನೊಳಗೊಂದು ಫೋಲ್ಡರು

ಕಾಗದದ ಕಾಲದಲ್ಲಿ ಕಳೆದುಹೋದದ್ದು ಬೀರುವಿನ ಹಿಂದೆಯೋ ಹಾಸಿಗೆಯ ಕೆಳಗೋ ಸಿಕ್ಕಿಬಿಡುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಕಳೆಯೋದಕ್ಕೆ ಜಾಗ ಜಾಸ್ತಿಯಾಯಿತು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಚಳ್ಳಕೆರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಟೈಪಿಂಗು, ಉಳಿದ ಹೊತ್ತೆಲ್ಲ ಹುಡುಕಾಟ. ವಾರಕ್ಕೆ ಒಂದಾದರೂ ಫೈಲು ಕಳೆಯದೆ ಇರುತ್ತಿರಲಿಲ್ಲ, ಕಳೆದಾಗಲೆಲ್ಲ ಏನಾದರೊಂದು ನಡೆಯದೆಯೂ ಇರುತ್ತಿರಲಿಲ್ಲ.

೧. ಲಗ್ನಪತ್ರಿಕೆ

ನಮ್ಮ ಮಾಲೀಕರಿಗೆ ಫೋಲ್ಡರ್ ಮಾಡೋ ಹುಮ್ಮಸ್ಸು ಬಹಳ, ಹೆಸರಿಡೋ ತಾಳ್ಮೆ ಮಾತ್ರ ಇರಲಿಲ್ಲ. ‘ನ್ಯೂ ಫೋಲ್ಡರ್’ ಒಳಗೆ ‘ನ್ಯೂ ಫೋಲ್ಡರ್ ಎರಡು’, ಅದರೊಳಗೆ ಮತ್ತೊಂದು ‘ನ್ಯೂ ಫೋಲ್ಡರ್’. ಬಂದ ಕೆಲಸವೆಲ್ಲ ಅಲ್ಲಿಗೇ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಟ್ಟಿಯ ಯಜಮಾನರೊಬ್ಬರು ಬಂದರು. ಕುರಿ ಸಾಕುವ ಮನೆತನ.

“ಹೋದ ವರ್ಷ ದೊಡ್ಡ ಮಗಳ ಲಗ್ನಪತ್ರಿಕೆ ಇಲ್ಲೇ ಮಾಡ್ಸಿದ್ದೆ ಕಣವ್ವ. ಈಗ ಸಣ್ಣೋಳ್ದು. ಅದ್ನೇ ತೆಗ್ದು ಗಂಡು-ಹೆಣ್ಣಿನ ಹೆಸ್ರು ಬದ್ಲಾಯ್ಸು. ಕೆಳಗಿರೋ ಬಂಧುಗಳ ಹೆಸ್ರು ಮಾತ್ರ ಮುಟ್ಬೇಡ.”

ಹೋದ ವರ್ಷ ಯಾರ ಹೆಸರು ಮೊದಲು, ಯಾರದು ಆಮೇಲೆ ಎಂದು ಒಪ್ಪಿಸುವುದರೊಳಗೆ ಹದಿನೈದು ದಿನದ ಪಂಚಾಯ್ತಿ ಆಗಿತ್ತಂತೆ. ಆ ಪಟ್ಟಿ ಇದ್ದದ್ದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ. ಮನೆಯಲ್ಲಿದ್ದ ಕೊನೆಯ ಪತ್ರಿಕೆಯನ್ನು ಆಡೊಂದು ತಿಂದಿತ್ತು.

ನಾನು ಒಂದೊಂದೇ ಫೋಲ್ಡರ್ ತೆರೆಯುತ್ತ ಹೋದೆ. ಒಳಗೆ ಹೋದವಳಿಗೆ ಯಾವ ದಾರಿಯಲ್ಲಿ ಬಂದೆ ಅನ್ನೋದೇ ಮರೆತುಹೋಗುತ್ತಿತ್ತು. ಯಜಮಾನರು ಸ್ಟೂಲಿನ ಮೇಲೆ ಕೂತು ಎರಡು ಸಲ ಟೀ ಕುಡಿದರು, ಒಂದು ಸಲ ಸಂತೆಗೆ ಹೋಗಿಬಂದರು. ಕೊನೆಗೆ ‘ಕರೆಂಟ್ ಬಿಲ್’ ಅನ್ನೋ ಫೋಲ್ಡರಿನ ಒಳಗಿನ ಒಳಗೆ ಪತ್ರಿಕೆ ಸಿಕ್ಕಿತು.

“ಸಿಕ್ತು ಯಜಮಾನ್ರೇ.”

“ಒಳ್ಳೇದಾತು,” ಎಂದು ಅವರು ಕಂಬಳಿ ಕೊಡವಿಕೊಂಡು ಎದ್ದರು. “ಅಳಿಯನ್ನ ಹುಡುಕೋಕೂ ನಂಗೆ ಇಷ್ಟೊತ್ತು ಹಿಡೀಲಿಲ್ಲ ಕಣವ್ವ. ಪಕ್ಕದ ಹಟ್ಟೀಲೇ ಸಿಕ್ಬಿಟ್ಟ.”

೨. ಕರೆಯೋದೇ ಕೆಲಸ

ಅವತ್ತೇ ತೀರ್ಮಾನಿಸಿದೆ, ಹುಡುಕೋ ಕೆಲಸ ಕಂಪ್ಯೂಟರಿಗೇ ಒಪ್ಪಿಸಬೇಕು ಅಂತ. ನಮ್ಮಲ್ಲಿ ನಾಲ್ಕು ಕಂಪ್ಯೂಟರು. ಮೂಲೆಯಲ್ಲಿದ್ದ ದೊಡ್ಡದಕ್ಕೆ ಸರ್ವರ್ ಅನ್ನುತ್ತಿದ್ದೆವು, ಫೈಲುಗಳೆಲ್ಲ ಅದರಲ್ಲೇ. ಜಾವಾಸ್ಕ್ರಿಪ್ಟ್ ಅಂದರೆ ವೆಬ್ ಪುಟದಲ್ಲಿ ಬಟನ್ ಮಿನುಗಿಸೋ ಆಟ ಅಂತಲೇ ಅಲ್ಲಿವರೆಗೆ ನಾನು ತಿಳಿದಿದ್ದೆ. ಅದನ್ನು ಸರ್ವರಿನೊಳಗೇ ಓಡಿಸಬಹುದು, ಫೋಲ್ಡರುಗಳನ್ನು ಜಾಲಾಡಿಸಬಹುದು ಅಂತ ಒಂದು ಹಳೇ ಪುಸ್ತಕದಲ್ಲಿ ಓದಿದೆ.

ಉಪಾಯ ಸರಳ. ಒಂದು ಫೋಲ್ಡರಿನ ಫೈಲುಗಳನ್ನೆಲ್ಲ ನೋಡು. ಅದರೊಳಗೆ ಇನ್ನೊಂದು ಫೋಲ್ಡರ್ ಇದ್ದರೆ ಅದಕ್ಕೂ ಇದನ್ನೇ ಮಾಡು. ಅಂದರೆ, ಬರೆದ ಫಂಕ್ಷನ್ನು, ಈ ಆಜ್ಞೆಗಳ ಕಟ್ಟು, ತನ್ನನ್ನೇ ತಾನು ಕರೆಯುತ್ತ ತಳದವರೆಗೆ ಇಳಿಯಬೇಕು.

ಮೂರು ದಿನ ಬರೆದು, ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದೆ. ಪರದೆಯ ಮೇಲೆ ಮೊದಲ ಫೋಲ್ಡರಿನ ಹೆಸರು ‘ಆಫೀಸ್’ ಅಂತ ಬಂತು. ಅದರ ಕೆಳಗೆ ‘ಆಫೀಸ್’. ಅದರ ಕೆಳಗೂ ‘ಆಫೀಸ್’. ಪುಟ ಎಷ್ಟು ಕೆಳಗೆ ಎಳೆದರೂ ಅದೇ. ಒಳಗಿನ ಫೋಲ್ಡರಿನ ಹೆಸರು ಕೊಡಬೇಕಾದಲ್ಲಿ ನಾನು ಹೊರಗಿನದರ ಹೆಸರನ್ನೇ ಕೊಟ್ಟಿದ್ದೆ. ಅದು ಹೊಸ್ತಿಲು ದಾಟದೆ, ನಿಂತಲ್ಲೇ ನಿಂತು, ಉಸಿರು ಕಟ್ಟುವ ತನಕ ಕೂಗಿ ಸುಮ್ಮನಾಗಿತ್ತು.

“ಏನಮ್ಮಾ ಮಾಡ್ತಾ ಐತೆ ಇದು?” ಮಾಲೀಕರು ಕೇಳಿದರು.

“ತನ್ನನ್ನೇ ತಾನು ಕರೀತಾ ಐತೆ ಸಾರ್.”

ಅವರು ಬಗ್ಗಿ ಆ ಡಬ್ಬಕ್ಕೆ ಕಿವಿಗೊಟ್ಟರು.

“ಪಾಪ. ಓ ಅನ್ನೋರು ಯಾರೂ ಇಲ್ವಾ ಒಳಗೆ?”

೩. ಗುಟ್ಟಿನ ಪ್ರಶ್ನೆಪತ್ರಿಕೆ

ಒಂದು ಪದ ತಿದ್ದಿದ ಮೇಲೆ ಅದು ನೆಟ್ಟಗೆ ಓಡಿತು. ಹೆಸರಿನ ಒಂದು ತುಂಡು ಕೊಟ್ಟರೆ ಸಾಕು, ಎಷ್ಟು ಆಳದಲ್ಲಿದ್ದರೂ ಎತ್ತಿ ತರುತ್ತಿತ್ತು. ಹೆಮ್ಮೆ ತಡೆಯಲಾರದೆ ಇನ್ನೊಂದು ಅನುಕೂಲ ಸೇರಿಸಿದೆ. ಯಾವ ಕಂಪ್ಯೂಟರಿನಲ್ಲಿ ಹುಡುಕೋ ಪುಟ ತೆರೆದರೂ, ಕೊನೆಯ ಸಲ ಸಿಕ್ಕಿದ ಫೈಲೇ ತೆರೆದುಕೊಂಡು ಮೊದಲು ಕಾಣುವ ಹಾಗೆ.

ಹೈಸ್ಕೂಲಿನ ಲೆಕ್ಕದ ಮೇಷ್ಟ್ರೊಬ್ಬರು ಪ್ರಶ್ನೆಪತ್ರಿಕೆಯನ್ನು ನಮ್ಮಲ್ಲೇ ಟೈಪ್ ಮಾಡಿಟ್ಟಿದ್ದರು. ಅವರ ತರಗತಿಯ ಮಕ್ಕಳೂ ನಮ್ಮಲ್ಲಿ ಟೈಪಿಂಗ್ ಕಲಿಯಲು ಬರುತ್ತಿದ್ದರು. ಆ ಭಯಕ್ಕೆ ಮೇಷ್ಟ್ರು ಫೋಲ್ಡರಿನೊಳಗೆ ಫೋಲ್ಡರಿನಂತೆ ಒಂಬತ್ತು ಕೋಟೆ ಕಟ್ಟಿ, ಎಲ್ಲಕ್ಕಿಂತ ಹೊರಗಿನದಕ್ಕೆ ‘ದನದ ಆಸ್ಪತ್ರೆ’ ಅಂತ ಹೆಸರಿಟ್ಟಿದ್ದರು. ಪರೀಕ್ಷೆ ನಾಳೆ ಅನ್ನುವಾಗ ಬಂದರು. ಕೋಟೆಯ ಬಾಗಿಲು ಅವರಿಗೇ ಮರೆತಿತ್ತು.

“ಫೈಲ್ ಹೆಸ್ರಲ್ಲಿ ‘ಲೆಕ್ಕ’ ಅಂತಿತ್ತು ಮೇಡಂ. ಅಷ್ಟೇ ನೆನಪು.”

ಟೈಪ್ ಮಾಡಿ ಬಟನ್ ಒತ್ತಿದೆ. ಮೂರು ಎಣಿಸುವುದರೊಳಗೆ ಸಿಕ್ಕಿತು.

“ಒಂಬತ್ತರ ಒಳಗಿಟ್ರೂ ಬಿಡ್ಲಿಲ್ವಲ್ಲ ಇದು,” ಎಂದು ಮೇಷ್ಟ್ರು ನಕ್ಕರು.

ಮೂರನೇ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದುಕೊಂಡು ಅವರದೇ ತರಗತಿಯ ಹುಡುಗಿಯೊಬ್ಬಳು ಕೂತಿದ್ದಳು. ಎದ್ದು ನಿಂತು, ಕೈಕಟ್ಟಿ, ಬಹಳ ಮರ್ಯಾದೆಯಿಂದ ಹೇಳಿದಳು.

“ಸಾರ್, ಐದನೇ ಲೆಕ್ಕ ಎರಡು ಸಲ ಬಂದೈತೆ.”

ಮೇಷ್ಟ್ರು ಸಂಜೆಯವರೆಗೆ ಅಲ್ಲೇ ಕೂತು ಹೊಸ ಪತ್ರಿಕೆಯನ್ನು ಕೈಯಲ್ಲೇ ಬರೆದು ಜೇಬಿಗಿಟ್ಟುಕೊಂಡರು. ಈ ಸಲ ಐದನೇ ಲೆಕ್ಕ ಒಂದೇ ಸಲ ಇತ್ತು.

೪. ಹನ್ನೆರಡು ಚಿಲಕ

ಈ ಹುಡುಕೋ ಪುಟದ ಸುದ್ದಿ ಮೊಳಕಾಲ್ಮೂರಿನ ಒಂದು ನೇಕಾರರ ಸೊಸೈಟಿಗೂ ಮುಟ್ಟಿತು. ಹಳೇ ರೇಷ್ಮೆ ಸೀರೆಗಳ ಅಂಚು, ಸೆರಗುಗಳನ್ನೆಲ್ಲ ಅಲ್ಲಿನ ಒಬ್ಬ ಅಕ್ಕ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ್ದರು. ನಾನು ಹೋಗಿ ಪುಟ ಕೂರಿಸಿ ಬಂದೆ. ‘ಡಿಸೈನ್’ ಅನ್ನೋ ಫೋಲ್ಡರಿನಿಂದ ಕೆಳಗೆ ಎಲ್ಲವನ್ನೂ ಅದು ಹುಡುಕುತ್ತಿತ್ತು.

ತಿಂಗಳಾದ ಮೇಲೆ ಅಲ್ಲಿನ ಕಾರ್ಯದರ್ಶಿ ಫೋನ್ ಮಾಡಿದರು. ಅವರು ದಾವಣಗೆರೆ ಕಡೆಯಿಂದ ಹೊಸದಾಗಿ ಬಂದವರು.

“ಮೇಡಂ, ದೊಡ್ಡ ವ್ಯಾಪಾರಿ ಒಬ್ರು ಎರಡು ಗಂಟೆಗೆ ಬರ್ತಾರೆ. ಹಳೇ ಗಿಳಿ ಅಂಚು ನೋಡ್ಬೇಕಂತೆ. ಅವರು ಒಪ್ಪಿದ್ರೆ ನಮ್ಮ ಮಗ್ಗಗಳಿಗೆಲ್ಲ ದೀಪಾವಳಿ ತನಕ ಕೆಲಸ. ಗಿಳಿ ಅಂತ ಹಾಕಿದ್ರೆ ನಿಮ್ಮ ಪುಟ ಒಂದೂ ಇಲ್ಲ ಅಂತೈತೆ.”

ಸಿಕ್ಕಿದ ಬಸ್ಸು ಹತ್ತಿ ಹೋದೆ. ಸ್ಕ್ಯಾನ್ ಮಾಡಿದ ಅಕ್ಕ ರಾಯದುರ್ಗಕ್ಕೆ ಹೋದವರು ಇನ್ನೂ ಬಂದಿರಲಿಲ್ಲ. ಹಳೇ ಸೀರೆಗಳೆಲ್ಲ ಕೊಟ್ಟವರ ಮನೆಗೆ ವಾಪಸಾಗಿದ್ದವು. ಡಿಸ್ಕಿನ ತುದಿಯಿಂದ ಬುಡದವರೆಗೆ ಹುಡುಕಲು ಹೇಳಿದೆ. ಗಿಳಿ ಇಲ್ಲ. ಕೊನೆಗೆ ಎಲ್ಲಾ ಫೋಲ್ಡರಿನ ಎಲ್ಲಾ ಹೆಸರನ್ನೂ ಪರದೆಗೆ ತರಿಸಿ ಒಂದೊಂದೇ ಓದಿದೆ. ‘ಕಟ್ಟಡ ರಿಪೇರಿ’ ಅನ್ನೋ ಫೋಲ್ಡರಿನಲ್ಲಿ ಚಿಲಕ ಒಂದು, ಚಿಲಕ ಎರಡು, ಹೀಗೆ ಚಿಲಕ ಹನ್ನೆರಡರವರೆಗೆ ಚಿತ್ರಗಳಿದ್ದವು.

“ಇವೇನು ಸಾರ್?”

“ಅವಾ? ಯಾರೋ ತಂದು ಡಿಸೈನ್ ಫೋಲ್ಡರಲ್ಲಿ ತುರುಕಿದ್ರು ಮೇಡಂ. ಸೀರೆಗೂ ಬಾಗಿಲ ಚಿಲಕಕ್ಕೂ ಏನು ಸಂಬಂಧ? ನಾನೇ ತೆಗೆದು ರಿಪೇರಿಗೆ ಹಾಕ್ದೆ.”

“ತೆಗೆದು ನೋಡಿದ್ರಾ?”

“ಚಿಲಕದಲ್ಲಿ ನೋಡೋದೇನೈತೆ ಮೇಡಂ?”

ಅಷ್ಟರಲ್ಲಿ ಅಕ್ಕ ಬಂದರು. ಚೀಲ ಇಳಿಸಿ ಪರದೆ ನೋಡಿದರು.

“ಗಿಳಿ ಇಲ್ಲೇ ಅದಾವಲ್ಲ ಸಾರ್. ನಮ್ಮ ಮನೇಲಿ ತೆಲುಗು. ಗಿಳಿಗೆ ನಾವು ಚಿಲಕ ಅಂತೀವಿ.”

ಮೊದಲ ಚಿತ್ರ ತೆರೆದೆ. ಕೆಂಪು ಅಂಚಿನ ಉದ್ದಕ್ಕೂ ಹಸಿರು ಗಿಳಿಗಳು, ಒಂದರ ಬಾಲಕ್ಕೆ ಇನ್ನೊಂದರ ಕೊಕ್ಕು ತಾಗಿಸಿಕೊಂಡು ಸಾಲಾಗಿ ಕೂತಿದ್ದವು. ಕಾರ್ಯದರ್ಶಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಎರಡಕ್ಕೆ ಬಂದ ವ್ಯಾಪಾರಿ ಹನ್ನೆರಡನ್ನೂ ನೋಡಿ, ಏಳನ್ನು ಆರಿಸಿ, ಅಲ್ಲೇ ಆರ್ಡರ್ ಬರೆದುಕೊಟ್ಟು ಹೋದರು. ಕಾರ್ಯದರ್ಶಿ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ತಿನ್ನುತ್ತಿರುವಾಗ ಊರಿನ ಬಡಗಿ ಹೆಗಲಿಗೊಂದು ಭಾರದ ಚೀಲ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತ.

“ಸಾರ್, ರಿಪೇರಿ ಪಟ್ಟೀಲಿ ಹನ್ನೆರಡು ಚಿಲಕ ಅದಾವೆ, ತಗಂಬಾ ಅಂದಿದ್ರಲ್ಲ, ತಂದೀನಿ. ನೋಡಿದ್ರೆ ಇಲ್ಲಿ ಇರೋದೇ ನಾಕು ಬಾಗ್ಲು. ಮಿಕ್ಕಿದ್ದು ಎಲ್ಲಿಗೆ ಹಾಕ್ಲಿ?”

ಕಾರ್ಯದರ್ಶಿ ಕಚ್ಚಿದ ಮೆಣಸಿನಕಾಯಿ ಕೆಳಗಿಟ್ಟು ನೀರಿನ ಲೋಟಕ್ಕೆ ಕೈ ಚಾಚಿದರು.

ಅಕ್ಕ ಮಂಡಕ್ಕಿಯಿಂದ ತಲೆ ಎತ್ತದೆ ಹೇಳಿದರು. “ಸೆರಗಿಗೆ ಹಾಕಣ್ಣ.”