ಇನ್ನೂರ ಏಳನೇ ಕೋಣೆಯ ಬಿಸ್ಕತ್ತು ಡಬ್ಬ

ಇಪ್ಪತ್ತಾರು ವರ್ಷ ಗಂಡನಿಗೆಂದು ಕಟ್ಟಿಕೊಟ್ಟ ಬಿಸ್ಕತ್ತನ್ನು ಯಾರೋ ತಿಂದರು. ಗಂಡನ ಬಾಯಿಗೆ ಒಂದೂ ಬೀಳಲಿಲ್ಲ. ಅತ್ತಿಗೆಯ ತಕರಾರು ಇಷ್ಟೇ. (ಅತ್ತಿಗೆ ಎಂದರೆ ನಾದಿನಿಗೆ ಅತ್ತಿಗೆ. ಕೇಳಿ ಕೇಳಿ ಬೀದಿಯವರೂ ಹಾಗೇ ಕರೆಯುತ್ತಿದ್ದರು.)

ಯಜಮಾನರು ಬೀಗದ ಕಂಪನಿಯ ಮಾರಾಟಗಾರರು. ತಿಂಗಳಿಗೊಮ್ಮೆ ಮಾದರಿ ಬೀಗಗಳ ಪೆಟ್ಟಿಗೆ ಹಿಡಿದು ಹೊರಡುತ್ತಿದ್ದರು. ಯಾವಾಗಲೂ ಅದೇ ಹೋಟೆಲು, ಅದೇ ಇನ್ನೂರ ಏಳನೇ ಕೋಣೆ. ಅತ್ತಿಗೆ ಒಂದು ಡಬ್ಬ ಶುಂಠಿ ಬಿಸ್ಕತ್ತು, ಒಂದು ಫ್ಲಾಸ್ಕು ಮೆಣಸಿನ ಕಷಾಯ ಕಟ್ಟಿ ಕೊಡುತ್ತಿದ್ದಳು. ದಾರಿಗೆಂದು ಮಾಡಿದ್ದು ದಾರಿಗೇ ಎಂಬುದು ಅವಳ ಕಾನೂನು. ತಾನೂ ಒಂದು ಚೂರು ಬಾಯಿಗಿಟ್ಟವಳಲ್ಲ. ಮೂರು ದಿನ ಬಿಟ್ಟು ಬಂದಾಗ ಡಬ್ಬ ಖಾಲಿ. ಯಜಮಾನರ ಮುಖ ಇಷ್ಟಗಲ.

"ಏನು ಮಾಡೋದು ಹೇಳು, ಹೋಟೆಲಿನೋರು ತಿಂದ್ಬಿಟ್ರು ಕಣೇ."

ಊರಿಗೆಲ್ಲ ಬೀಗ ಮಾರುವವರ ಡಬ್ಬಕ್ಕೇ ಕನ್ನ! ಅತ್ತಿಗೆ ನಡುಮನೆಯಲ್ಲಿ ನಿಂತು ಶಾಪ ಹಾಕುತ್ತಿದ್ದಳು. "ನನ್ನ ಬಿಸ್ಕತ್ತು ತಿಂದೋರ ಹಲ್ಲು ಉದುರಿಹೋಗ್ಲಿ!" ಯಜಮಾನರು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಸಂಗೀತ ಕೇಳುವವರ ಹಾಗೆ ಕೇಳುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ಅವರು ಹೋದರು. ಅತ್ತಿಗೆ ಅತ್ತಳು. ಅತ್ತು ಮುಗಿದ ಮೇಲೆ ಒಂದು ಯೋಚನೆ ಮುಳ್ಳಿನ ಹಾಗೆ ಉಳಿಯಿತು. ಹಸಿದು ಬಂದ ಮನುಷ್ಯನ ಡಬ್ಬಕ್ಕೆ ಕೈಹಾಕಿದವರು ಯಾರು? ಅವರ ಮುಖ ನೋಡದೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಕಂಪನಿಯವರು ಕಾಗದಗಳಿಗೆ ಸಹಿ ಹಾಕಲು ಆ ಹೋಟೆಲಿದ್ದ ಊರಿಗೇ ಕರೆದದ್ದು ಒಳ್ಳೆಯ ನೆಪವಾಯಿತು. ನಾದಿನಿಯನ್ನು ಜೊತೆಗೆ ಕರೆದುಕೊಂಡು, ಡಬ್ಬ ತುಂಬಾ ಬಿಸ್ಕತ್ತು ಬೇಯಿಸಿಕೊಂಡು, ಹಟ ಹಿಡಿದು ಅದೇ ಕೋಣೆ ತೆಗೆದುಕೊಂಡಳು.

ಬಾಗಿಲ ಹಿಂದೆ ಬೋರ್ಡಿತ್ತು. 'ಹೊರಗಿನ ತಿಂಡಿ, ಪಾನೀಯ ತರಬಾರದು.'

"ನೋಡಿದ್ಯಾ?" ಎಂದಳು ಅತ್ತಿಗೆ. "ತರಬಾರದಂತೆ. ತಂದ್ರೆ ಇವರು ತಿನ್ನಬಹುದಂತೆ."

"ಹಾಗೆಲ್ಲಿ ಬರ್ದಿದೆ ಅತ್ತಿಗೆ?"

"ಎಲ್ಲಾ ಬರೀತಾರಾ? ಕಳ್ಳರು ಬೋರ್ಡ್ ಹಾಕ್ತಾರಾ?"

ಡಬ್ಬವನ್ನು ಕಪಾಟಿನೊಳಗಿಟ್ಟಳು. ಕಪಾಟು ಹಳೆಯದು, ಆದರೂ ಬಂಡೆಯ ಹಾಗೆ ಅಲ್ಲಾಡದೆ ನಿಂತಿತ್ತು. ಅತ್ತಿಗೆ ಹೊಲಿಗೆಯವಳು. ಗುಂಡಿ ಹಚ್ಚುವ ದಾರವನ್ನು ಡಬ್ಬದ ಸುತ್ತ ಬಿಗಿದು ತನ್ನದೇ ಗಂಟು ಹಾಕಿದಳು. ಆ ಗಂಟನ್ನು ಬಿಚ್ಚಿದವರು ಮತ್ತೆ ಹಾಗೆ ಹಾಕಲಾರರು. ಆಮೇಲೆ ಕಷಾಯದ ಫ್ಲಾಸ್ಕನ್ನು ಕೋಣೆಯ ಪುಟ್ಟ ಫ್ರಿಜ್ಜಿಗೆ ತುರುಕಿದಳು.

"ಬಿಸಿ ಕಷಾಯಾನ ಫ್ರಿಜ್ಜಲ್ಲಿ ಇಡ್ತಾರಾ ಯಾರಾದ್ರೂ?"

"ಬಿಸಿ ಅಂತ ಕಳ್ಳನಿಗೆ ಗೊತ್ತಾಗಬಾರದು. ಗಟಗಟ ಕುಡೀಲಿ. ನಾಲಿಗೆ ಸುಡ್ಲಿ."

ಇಬ್ಬರೂ ಕಂಪನಿಗೆ ಹೋದರು. ಅಲ್ಲಿಯ ಗುಮಾಸ್ತ ಅರ್ಧ ಕಾಗದ ಮುಂದಿಟ್ಟ, ಉಳಿದರ್ಧಕ್ಕೆ ನಾಳೆ ಬನ್ನಿ ಎಂದ. ಸಂಜೆ ಬಂದು ನೋಡಿದರೆ ಹಾಸಿಗೆ ಮಡಿಸಿತ್ತು, ನೆಲ ಒರೆಸಿತ್ತು. ಗಂಟು ಹಾಗೇ ಇತ್ತು.

ಅತ್ತಿಗೆಗೆ ತುಂಬಾ ಬೇಜಾರಾಯಿತು.

"ಒಳ್ಳೇದಾಯ್ತಲ್ಲ ಅತ್ತಿಗೆ, ಯಾರೂ ಮುಟ್ಟಿಲ್ಲ."

"ಗಂಟು ನೋಡಿ ಹೆದರಿದ್ದಾರೆ. ಪಳಗಿದ ಕೈ." ದಾರ ಕಿತ್ತು, ಮುಚ್ಚಳ ತೆಗೆದು, ಡಬ್ಬವನ್ನು ಮೇಜಿನ ನಡುವೆ ಬಾಯ್ದೆರೆದು ಇಟ್ಟಳು. ಬೆಳಗ್ಗೆ ಎದ್ದು ನೋಡಿದರೆ ಗೋಡೆಯಿಂದ ಒಂದು ಇರುವೆ ಸಾಲು ಮೇಜಿನವರೆಗೆ ಬಂದಿತ್ತು, ಡಬ್ಬಕ್ಕೆ ಒಂದು ಪ್ರದಕ್ಷಿಣೆ ಹಾಕಿತ್ತು, ಬಂದ ದಾರಿಯಲ್ಲೇ ವಾಪಸು ಹೊರಟಿತ್ತು. (ಇರುವೆಗಳಿಗೂ ಹೋಟೆಲಿನವರು ಹೇಳಿಕೊಟ್ಟಿದ್ದಾರೆ ಎಂದೇ ಅತ್ತಿಗೆಯ ಅನುಮಾನ.)

"ನೀನು ಕೆಳಗೆ ಹೋಗು," ಎಂದು ನಾದಿನಿಗೆ ಹೇಳಿದಳು. "ಇಬ್ಬರೂ ಹೊರಗೆ ಹೋದ್ವಿ ಅಂತ ಜೋರಾಗಿ ಹೇಳ್ಕೊಂಡು ಇಳಿ."

"ನೀವು?"

"ನಾನು ಪರದೆ ಹಿಂದೆ."

"ಅಯ್ಯೋ ಅತ್ತಿಗೆ! ಪರದೆ ಗಿಡ್ಡ. ಮೊಣಕಾಲು ಕಾಣುತ್ತೆ."

"ಕಳ್ಳರು ತಿಂಡಿ ನೋಡ್ತಾರೆ, ಮೊಣಕಾಲು ನೋಡಲ್ಲ. ಹೋಗೇ."

ಪರದೆಯಲ್ಲಿ ಧೂಳಿತ್ತು. ಅತ್ತಿಗೆ ಮೂಗು ಹಿಡಿದು, ಸೀನು ನುಂಗಿ, ಯುದ್ಧಭೂಮಿಯ ವೀರವನಿತೆಯಂತೆ ನಿಂತಳು. ಬಾಗಿಲು ತೆರೆಯಿತು. ಕೋಣೆ ಗುಡಿಸುವ ಹೆಂಗಸು ಪೊರಕೆ ಹಿಡಿದು ಒಳಗೆ ಬಂದಳು. ನಡುವಯಸ್ಸು ದಾಟಿದವಳು, ಬಾಯಲ್ಲಿ ನಾಲ್ಕೈದೇ ಹಲ್ಲು. ಶಾಪ ತಾಗಿದೆ ಎಂದುಕೊಂಡಳು ಅತ್ತಿಗೆ. ಹೆಂಗಸು ಡಬ್ಬ ನೋಡಿದಳು. ಒಂದು ಬಿಸ್ಕತ್ತು ಎತ್ತಿದಳು. ಮೇಜಿಗೆ ಟಕ್ ಟಕ್ ಎಂದು ಕುಟ್ಟಿದಳು, ತೃಪ್ತಿಯಿಂದ ತಲೆಯಾಡಿಸಿದಳು, ಜೇಬಿಗಿಳಿಸಿದಳು.

"ಸಿಕ್ಕಿಬಿದ್ಯಾ!" ಅತ್ತಿಗೆ ಹಾರಿದಳು. ಪರದೆಯೂ ಕಂಬಿ ಸಮೇತ ಅವಳ ಜೊತೆ ಬಂತು. "ಇಪ್ಪತ್ತಾರು ವರ್ಷದಿಂದ ತಿಂತಿದ್ದೀಯಾ! ತೆಗಿ ಹೊರಗೆ!"

"ನಾನು ತಿಂದಿಲ್ಲ ಅಮ್ಮಾ! ಪಕ್ಕದ ಕೋಣೆ ಮಂಚ ಅಲ್ಲಾಡುತ್ತೆ, ಕಾಲಿಗೆ ಇಡೋಣ ಅಂತ..." ಎಂದವಳು ಥಟ್ಟನೆ ನಿಂತಳು. "ಅಲ್ಲಾ, ಇದು ನಮ್ಮ ಬಿಸ್ಕತ್ತು ಸಾಹೇಬ್ರ ಬಿಸ್ಕತ್ತು. ನಿಮ್ಹತ್ರ ಹೇಗೆ ಬಂತು? ಸಾಹೇಬ್ರು ಬಂದಿದ್ದಾರಾ?"

ಅತ್ತಿಗೆ ಪರದೆಯನ್ನು ತಲೆಯಿಂದ ಸರಿಸಿದಳು.

"ಇನ್ನು ಬರಲ್ಲ. ನಾಲ್ಕು ತಿಂಗಳಾಯ್ತು."

ಹೆಂಗಸು ಪೊರಕೆ ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟಳು.

"ಬಂದ ತಕ್ಷಣ ಡಬ್ಬ ನನ್ನ ಕೈಗೆ ಕೊಡೋರು," ಎಂದಳು ಹೆಂಗಸು. "ಯಾರಿಗಾದ್ರೂ ಉಪಯೋಗಕ್ಕೆ ಬಂದ್ರೆ ಕೊಡು ಅನ್ನೋರು. ಅಗೋ, ಆ ಕಪಾಟಿನ ಕಾಲು ನೋಡಿ."

ಅತ್ತಿಗೆ ಬಗ್ಗಿದಳು. ಕಪಾಟಿನ ಎಡಗಾಲಿನ ಕೆಳಗೆ ದುಂಡಗೆ, ಕಂದು ಬಣ್ಣಕ್ಕೆ, ತನ್ನ ಬೆರಳೊತ್ತಿದ ಅಂಚಿನ ಸಮೇತ ಒಂದು ಬಿಸ್ಕತ್ತು ಕೂತಿತ್ತು.

"ಐದು ವರ್ಷ ಆಯ್ತಮ್ಮ. ಚೂರೂ ಸವೆದಿಲ್ಲ."

"ಕಷಾಯ?"

"ಅದು ಮೆಟ್ಟಿಲ ಹತ್ರದ ಕುಂಡಕ್ಕೆ. ಈಗಿರೋದು ನಾಲ್ಕನೇ ಗಿಡ."

"ಮತ್ತೆ ಅವರು ತಿಂತಿದ್ದದ್ದು ಏನು?"

"ಕೆಳಗಡೆ ಎರಡೆರಡು ತಟ್ಟೆ ಊಟ. ಚೆನ್ನಾಗಿ ತಿನ್ನೋರು."

ಕಳ್ಳ ಸಿಕ್ಕಿದ್ದ. ಅವನ ಫೋಟೋಗೆ ತಾನೇ ದಿನಾ ಹೂ ಇಡುತ್ತಿದ್ದಳು.

"ನಾನೇ ಕೇಳಿದ್ದೆ ಒಂದ್ಸಲ," ಎಂದಳು ಹೆಂಗಸು. "ಬೇಡ ಅಂತ ಮನೇಲಿ ಹೇಳ್ಬಾರ್ದಾ ಸಾಹೇಬ್ರೇ ಅಂತ. ಅದಕ್ಕವರು, ಡಬ್ಬ ಖಾಲಿ ನೋಡಿದ್ರೆ ನಮ್ಮನೆಯೋಳು ನನ್ನ ಪರವಾಗಿ ಊರಿಗೇ ಶಾಪ ಹಾಕ್ತಾಳೆ, ಹಾಗೆ ನನ್ನ ಪರ ಜಗಳ ಆಡೋರು ಇನ್ಯಾರೂ ಇಲ್ಲ, ಅದನ್ನ ಕೇಳೋಕೇ ಬೇಗ ಮನೆಗೆ ಹೋಗ್ತೀನಿ ಅಂದ್ರು."

ಅತ್ತಿಗೆ ಕಣ್ಣೊರೆಸಿಕೊಂಡಳು. ಕೈಗೆ ಸಿಕ್ಕಿದ್ದು ಪರದೆ. ಧೂಳಿಗೆ ಕಣ್ಣು ಇನ್ನಷ್ಟು ಉರಿಯಿತು.

ಗದ್ದಲ ಕೇಳಿ ಮ್ಯಾನೇಜರು ಓಡಿ ಬಂದ. ಹಿಂದೆಯೇ ಏದುಸಿರು ಬಿಡುತ್ತಾ ನಾದಿನಿ. ಮ್ಯಾನೇಜರು ಬಿದ್ದ ಪರದೆ ನೋಡಿದ, ಮೇಜಿನ ಡಬ್ಬ ನೋಡಿದ.

"ಏನಮ್ಮಾ ಇದು, ಹೊರಗಿನ ತಿಂಡಿ ತರಬಾರದು ಅಂತ ಬೋರ್ಡ್..." ಬಗ್ಗಿ ನೋಡಿದವನ ಮುಖ ಸಡಿಲವಾಯಿತು. "ಓ, ಇದಾ? ಇದು ತಿಂಡಿ ಅಲ್ಲ, ಬಿಡಿ."

ನಾದಿನಿ ಕಿಸಕ್ಕೆಂದು ನಕ್ಕಳು.

ಅಲ್ಲಿಯವರೆಗೆ ಅತ್ತಿಗೆ ತಡೆದುಕೊಂಡಿದ್ದಳು. ಗಂಡ ಮೋಸ ಮಾಡಿದ್ದನ್ನು ನುಂಗಬಹುದು. ನಾದಿನಿ ನಕ್ಕದ್ದನ್ನು ನುಂಗುವುದು ಹೇಗೆ?

"ನಗ್ತೀಯಾ? ಇಪ್ಪತ್ತಾರು ವರ್ಷ ಮಾಡಿದ ಕೈ ಇದು! ಯಾರಾದ್ರೂ ಒಬ್ರು, ಒಬ್ರೇ ಒಬ್ರು, ತಿಂದು ನೋಡಿ ಹೇಳಿದ್ದೀರಾ?"

"ಅತ್ತಿಗೆ, ನೀವು ತಿಂದಿದ್ದೀರಾ?"

"ಈಗ ತಿಂತೀನಿ. ನೋಡ್ಕೋ!"

ಡಬ್ಬದಿಂದ ಒಂದನ್ನು ಎತ್ತಿ, ಮೂವರ ಎದುರಿಗೆ, ಕಣ್ಣು ಮಿಟುಕಿಸದೆ, ಕಚ್ಚಿದಳು.

ಕಟ್ ಎಂದಿತು.

ಮುರಿದದ್ದು ಬಿಸ್ಕತ್ತಲ್ಲ. ಅತ್ತಿಗೆ ಅಂಗೈಗೆ ಉಗುಳಿ ನೋಡಿದಳು. ಮುಂದಿನ ಹಲ್ಲು. ಇಪ್ಪತ್ತಾರು ವರ್ಷ ಬಾಯಿ ತುಂಬಾ ಹಾಕಿದ ಶಾಪ, ದಾರಿ ತಪ್ಪಿ ಅಲೆದು ಅಲೆದು, ಕೊನೆಗೆ ಸರಿಯಾದ ವಿಳಾಸಕ್ಕೇ ಬಂದು ತಲುಪಿತ್ತು.

ಯಾರೂ ನಗಲಿಲ್ಲ. ನಾದಿನಿ ಮಾತ್ರ ಕಿಟಕಿಯ ಕಡೆ ತಿರುಗಿ ನಿಂತಳು. ಅವಳ ಭುಜ ಕುಲುಕುತ್ತಿತ್ತು.

"ಪಕ್ಕದ ಮಂಚಕ್ಕೆ ಎರಡು ತಗೋ," ಎಂದಳು ಅತ್ತಿಗೆ ಗುಡಿಸುವ ಹೆಂಗಸಿಗೆ, ಹಲ್ಲಿನ ಸಂದಿಯಲ್ಲಿ ಗಾಳಿ ಬಿಡುತ್ತಾ. "ಈ ಸಲದ್ದು ಸ್ವಲ್ಪ ಮೆತ್ತಗಾಗಿದೆ."

ಆಮೇಲೆ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ, ಕೋಣೆಯಲ್ಲಿದ್ದ ಮೂವರ ಮುಖವನ್ನೂ ಒಮ್ಮೆ ಅನುಮಾನದಿಂದ ನೋಡಿ, ಮೇಲೆ ಗುಂಡಿ ದಾರ ಬಿಗಿದು ತನ್ನದೇ ಗಂಟು ಹಾಕಿದಳು.