ಬ್ಯಾಕ್ಟೀರಿಯಾದ ನಡುವೂ ಮಗಳ ಬೈತಲೆಯೂ

ಒಂದು ವಿಷಯವನ್ನು ಹದಿನೆಂಟು ವರ್ಷ ಪಾಠ ಮಾಡಿದವನಿಗೆ ಆ ವಿಷಯ ಚೆನ್ನಾಗಿ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಈ ನಂಬಿಕೆಯಿಂದಲೇ ನನ್ನಂಥವರ ಮನೆಯ ಒಲೆ ಉರಿಯುವುದರಿಂದ ನಾನು ಅದನ್ನು ಬಹಿರಂಗವಾಗಿ ಅಲ್ಲಗಳೆಯಲು ಹೋಗುವುದಿಲ್ಲ. ನಾನು ಸೇಲಂನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಮೇಷ್ಟ್ರು. ಬ್ಯಾಕ್ಟೀರಿಯಾ ತನ್ನ ಮೈಯ ನಟ್ಟನಡುವನ್ನು ಹೇಗೆ ಕಂಡುಕೊಂಡು ಸರಿಸಮನಾಗಿ ಎರಡಾಗುತ್ತದೆ ಎಂಬುದನ್ನು ಪ್ರತಿ ವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸುತ್ತೇನೆ. ಹನ್ನೊಂದು ವರ್ಷದ ಮಗಳ ತಲೆಯ ನಡು ಎಲ್ಲಿದೆ ಎಂಬುದು ಮಾತ್ರ ನನಗೆ ಈವತ್ತಿಗೂ ಸರಿಯಾಗಿ ಸಿಕ್ಕಿಲ್ಲ.

ಮೊನ್ನೆ ಮೊನ್ನೆಯವರೆಗೆ ಆ ತಲೆ ನನ್ನ ಇಲಾಖೆಗೆ ಸೇರಿರಲಿಲ್ಲ. ನನ್ನ ಹೆಂಡತಿ ಗಿರಿಜಾಗೆ ಆಫೀಸಿನಲ್ಲಿ ಬಡ್ತಿ ಸಿಕ್ಕಿ ಧರ್ಮಪುರಿಗೆ ಹಾಕಿದರು. ದಾರಿಯ ತೊಪ್ಪೂರು ಘಾಟಿಯಲ್ಲಿ ಒಂದು ಲಾರಿ ಅಡ್ಡ ನಿಂತರೂ ಮುಗಿಯಿತು, ಆದ್ದರಿಂದ ಅವಳು ಬೆಳಿಗ್ಗೆ ಆರೂಕಾಲಿನ ಬಸ್ಸನ್ನೇ ಹಿಡಿಯಬೇಕು; ಬೆಳಗಿನ ಮನೆಗೆಲಸ ನನ್ನ ಪಾಲಿಗೆ ಬಂತು. ಅಡುಗೆಯ ವಿಷಯದಲ್ಲಿ ನಾನು ತಕ್ಕಮಟ್ಟಿಗೆ ಪಾಸಾದೆ. ನನ್ನ ಉಪ್ಪಿಟ್ಟನ್ನು ಮಗಳು ವರ್ಷಿಣಿ ಯಾವ ಅಭಿಪ್ರಾಯವನ್ನೂ ಹೇಳದೆ ತಿನ್ನುತ್ತಾಳೆ. ಆದರೆ ಅವಳ ಶಾಲೆಯಲ್ಲಿ ಆರನೇ ಕ್ಲಾಸಿನಿಂದ ಹೆಣ್ಣುಮಕ್ಕಳಿಗೆ ಎರಡು ಜಡೆ ಕಡ್ಡಾಯ. ನೆತ್ತಿಯ ಮೇಲೆ ನೇರವಾದ ನಡುಬೈತಲೆ, ಎರಡೂ ಜಡೆ ಮಡಿಸಿ ನೀಲಿ ರಿಬ್ಬನ್ನು. ಪಿ.ಟಿ. ಮಿಸ್ಸು ಗೇಟಿನಲ್ಲಿ ನಿಂತು ಒಂದೊಂದು ತಲೆಯನ್ನೂ ನೋಡಿಯೇ ಒಳಗೆ ಬಿಡುತ್ತಾರಂತೆ.

ಮೊದಲನೆಯ ದಿನ ನಾನು ತೆಗೆದ ಬೈತಲೆ ಹಣೆಯ ನಡುವಿನಲ್ಲೇ ಹೊರಟಿತು, ಅದರಲ್ಲಿ ಸುಳ್ಳಿಲ್ಲ. ಆದರೆ ದಾರಿಯಲ್ಲಿ ಅದಕ್ಕೇನೋ ನೆನಪಾದಂತೆ ತಿರುಗಿ ಬಲಗಿವಿಯ ಹಿಂದೆ ಹೋಗಿ ಮುಗಿಯಿತು. ಎಡಗಡೆಯ ಜಡೆ ಹಗ್ಗದಷ್ಟು ದಪ್ಪ, ಬಲಗಡೆಯದು ಇಲಿಬಾಲ. ನಮ್ಮ ಶಾಸ್ತ್ರದಲ್ಲಿ ಇದಕ್ಕೂ ಒಂದು ಹೆಸರಿದೆ. ನಡುವನ್ನು ಗುರುತಿಸುವ ಪ್ರೋಟೀನು ಕೆಟ್ಟುಹೋದ ಬ್ಯಾಕ್ಟೀರಿಯಾ ತುದಿಯಲ್ಲೇ ತುಂಡಾಗಿ, ಒಳಗೆ ವಂಶದ ಗುರುತು ಒಂದೂ ಇಲ್ಲದ ಪುಟ್ಟ ಕೋಶವೊಂದನ್ನು ಹುಟ್ಟಿಸಿಬಿಡುತ್ತದೆ. ಅದನ್ನು ಮಿನಿಸೆಲ್ ಎನ್ನುತ್ತೇವೆ. ಮಗಳಿಗೆ ಇದನ್ನು ಹೇಳಿ ಸಮಾಧಾನ ಮಾಡಲು ನೋಡಿದೆ. ಪಿ.ಟಿ. ಮಿಸ್ಸಿಗೆ ಅದನ್ನು ನೀನೇ ಬಂದು ಹೇಳು ಎಂದಳು.

ಒಂದು ವಾರ ಹೀಗೇ ನಡೆಯಿತು. ಶುಕ್ರವಾರ ಸಂಜೆ ಗಿರಿಜಾ ಬಂದವಳು ಬ್ಯಾಗನ್ನೂ ಇಳಿಸದೆ ಮಗಳ ನೆತ್ತಿಯನ್ನೇ ನೋಡುತ್ತಾ ನಿಂತಳು. ಮನೆ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಅವಳು ಅಡುಗೆಮನೆಗೆ ಹೋಗುವುದಿಲ್ಲ, ಪಾತ್ರೆ ಎಣಿಸುವುದಿಲ್ಲ. ಆ ಒಂದು ಗೆರೆ ನೋಡಿದರೆ ಅವಳಿಗೆ ಸಾಕು. "ನೋಡ್ರಿ, ಈ ತಿಂಗ್ಳು ಮುಗಿಯೋಗಂಟ ನೋಡ್ತೀನಿ," ಎಂದಳು. "ಮಗು ಇಂಗೇ ಸ್ಕೂಲಿಗೆ ಓಗ್ತಿದ್ರೆ ನಂಗೆ ಪ್ರಮೋಷನ್ ಬ್ಯಾಡ ಅಂತ ಬರ್ದು ಕೊಟ್ಬುಡ್ತೀನಿ." ಆ ಬಡ್ತಿಗೆ ಅವಳು ಒಂಬತ್ತು ವರ್ಷ ಕಾದಿದ್ದಳು, ಎರಡು ಸಲ ಇಲಾಖೆಯ ಪರೀಕ್ಷೆ ಬರೆದಿದ್ದಳು. ಅದೆಲ್ಲ ನನ್ನ ಕೈಯ ಒಂದು ಬಾಚಣಿಗೆಯಿಂದ ಹಾಳಾಗುತ್ತದೆ ಎಂದು ಯೋಚಿಸಿ ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ನಮ್ಮೂರು ಮೇಚೇರಿಯಲ್ಲಿ ಅಣ್ಣನ ಜೊತೆ ಇರುವ ಅಮ್ಮನಿಗೆ ಫೋನು ಮಾಡಿದೆ. ನಾವು ಚಿಕ್ಕವರಿದ್ದಾಗ ಅಮ್ಮ ಹಟ್ಟಿಯ ಬಾಗಿಲಲ್ಲಿ ಕೂತು, ಕುರಿ ನೋಡಲು ಬಂದ ವ್ಯಾಪಾರಿಯ ಜೊತೆ ಮಾತಾಡುತ್ತಲೇ, ಅಕ್ಕನ ತಲೆಯ ಕಡೆ ಒಮ್ಮೆಯೂ ನೋಡದೆ ಬೈತಲೆ ತೆಗೆಯುತ್ತಿದ್ದಳು. ಆ ಗೆರೆಯ ಮೇಲೆ ಗೋಡೆ ಕಟ್ಟಬಹುದಿತ್ತು. ಅಮ್ಮನ ಸಲಹೆ ಬಹಳ ಚಿಕ್ಕದು: "ಮೂಗಿನ ನೇರಕ್ಕೆ ಇಟ್ಟು ಇಂದಕ್ಕೆ ಎಳಿಲಾ, ಅಷ್ಟೇಯ. ಇದುಕ್ಕೂ ಕಾಲೇಜು ಓದ್ಬೇಕಾ?" ಹಿಂದಿನಿಂದ ನೋಡುವವನಿಗೆ ಮೂಗು ಕಾಣುವುದಿಲ್ಲವಲ್ಲ ಎಂದೆ. ಅಮ್ಮ ಊಟ ಆಯಿತಾ ಎಂದು ಕೇಳಿದಳು.

ಕೊನೆಗೆ ನನ್ನ ಶಾಸ್ತ್ರಕ್ಕೇ ಶರಣಾದೆ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೊಲೈ ಎಂಬ ಕಡ್ಡಿಯಾಕಾರದ ಜೀವಿಯ ಹತ್ತಿರ ಅಳತೆಪಟ್ಟಿ ಇಲ್ಲ, ಕನ್ನಡಿಯಿಲ್ಲ, ಮೂಗಂತೂ ಇಲ್ಲವೇ ಇಲ್ಲ. ಅದರೊಳಗೆ ಮಿನ್ ಎಂಬ ಮನೆತನದ ಮೂರು ಪ್ರೋಟೀನುಗಳಿವೆ. ಮೊದಲನೆಯದು ಕೋಶದ ಒಂದು ತುದಿಗೆ ಹೋಗಿ ಒಳಪೊರೆಗೆ ಅಂಟಿಕೊಳ್ಳುತ್ತದೆ, ಜೊತೆಗೆ ಎರಡನೆಯದನ್ನೂ ಕರೆದು ಕೂರಿಸಿಕೊಳ್ಳುತ್ತದೆ. ಈ ಎರಡನೆಯದು ಹುಟ್ಟಾ ತಕರಾರಿನ ಆಸಾಮಿ. ಇಲ್ಲಿ ಸೀಳಬೇಡಿ ಎನ್ನುವುದೊಂದೇ ಅದಕ್ಕೆ ಗೊತ್ತಿರುವ ಮಾತು. ಅಷ್ಟರಲ್ಲಿ ಮೂರನೆಯದು ಬಂದು ಇಬ್ಬರನ್ನೂ ಅಲ್ಲಿಂದ ಎಬ್ಬಿಸುತ್ತದೆ. ಎದ್ದವರು ಇನ್ನೊಂದು ತುದಿಗೆ ಹೋಗಿ ಕೂತು ಅಲ್ಲೂ ಅದೇ ತಕರಾರು ತೆಗೆಯುತ್ತಾರೆ. ನಿಮಿಷಕ್ಕೊಮ್ಮೆ ಹೀಗೆ ಆ ತುದಿಗೂ ಈ ತುದಿಗೂ ಓಡಾಟ. ಯಾರೂ ಹೆಚ್ಚು ಹೊತ್ತು ನಿಲ್ಲದ, ತಕರಾರು ಅತಿ ಕಡಿಮೆ ಇರುವ ಜಾಗವೆಂದರೆ ನಟ್ಟನಡು. ಬೇರೊಂದು ಪ್ರೋಟೀನು ಅಲ್ಲಿ ಉಂಗುರದ ಹಾಗೆ ಸುತ್ತಿಕೊಳ್ಳುತ್ತದೆ, ಕೋಶ ಅಲ್ಲೇ ಎರಡಾಗುತ್ತದೆ. ಇದು ನಡು ಎಂದು ಯಾರೂ ಯಾರಿಗೂ ಹೇಳುವುದಿಲ್ಲ.

ಭಾನುವಾರ ಈ ವಿಧಾನವನ್ನು ಮಗಳ ತಲೆಯ ಮೇಲೆ ಪ್ರಯೋಗಿಸಿದೆ. ನಡುವನ್ನು ಹುಡುಕುವುದನ್ನೇ ಬಿಟ್ಟು, ಎಡಗಿವಿಯಿಂದ ಒಮ್ಮೆ ಬಲಗಿವಿಯಿಂದ ಒಮ್ಮೆ ಬಾಚಣಿಗೆಯ ಚೂಪು ತುದಿಯನ್ನು ಮೇಲಕ್ಕೆ ಸರಿಸುತ್ತಾ ಬಂದೆ. ತಕರಾರಿನ ಕೆಲಸವನ್ನು ವರ್ಷಿಣಿಗೇ ವಹಿಸಿದ್ದೆ. ಅವಳು ಮಿನ್ ಪ್ರೋಟೀನಿಗಿಂತ ಚೆನ್ನಾಗಿ ಮಾಡಿದಳು. "ಇಲ್ಲಿ ವೇಣಾಂ, ಇಲ್ಲೂ ಬ್ಯಾಡ" ಎಂದು ತಮಿಳಿನಲ್ಲೂ ಕನ್ನಡದಲ್ಲೂ ಹೇಳುತ್ತಾ ಹೋದಳು. ಇಪ್ಪತ್ತು ನಿಮಿಷ ಹಿಡಿಯಿತು. ಗೆರೆ ಸ್ವಲ್ಪ ಕೊಂಕಾಗಿತ್ತು, ಮೊದಲಿನಷ್ಟಿರಲಿಲ್ಲ. ಸೋಮವಾರ ಬೆಳಿಗ್ಗೆ ಹಾಗೇ ಮಾಡಿ ಕಳಿಸಿದೆ. ಸಂಜೆ ನೋಡುತ್ತೇನೆ, ಬೈತಲೆ ದಾರ ಹಿಡಿದು ಎಳೆದಷ್ಟು ನೇರವಾಗಿದೆ. ಹಗಲಿನ ಬೆಳಕಿನಲ್ಲಿ ಕೂದಲು ತಾನಾಗಿ ಸರಿಹೊಂದಿಕೊಳ್ಳುತ್ತದೇನೋ ಎಂದುಕೊಂಡೆ. ವಿಜ್ಞಾನ ಓದಿದವನಿಗೆ ಹೀಗೂ ತೋರುತ್ತದೆ ನೋಡಿ.

ಗಿರಿಜಾ ಗೆರೆಯ ಮೇಲೆ ಬೆರಳಾಡಿಸಿ ನೋಡಿ, ನೀವಾ ತೆಗೆದದ್ದು ಎಂದು ಎರಡು ಸಲ ಕೇಳಿದಳು. ತಿಂಗಳು ಮುಗಿಯುವ ಹೊತ್ತಿಗೆ ಬಡ್ತಿ ಬಿಡುವ ಮಾತು ಮನೆಯಲ್ಲಿ ನಿಂತುಹೋಯಿತು. ಧರ್ಮಪುರಿಯಿಂದ ಬರುವಾಗ ಬಸ್ಸಿನಲ್ಲಿ ನಿದ್ದೆ ಮಾಡುವುದನ್ನೂ ಅವಳು ಕಲಿತಳು. ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ವಿಧಾನವನ್ನು ಇಬ್ಬರಿಗೆ, ಅವರು ಕೇಳದಿದ್ದರೂ, ವಿವರಿಸಿದೆ, ಬಿ.ಎಸ್ಸಿ. ತರಗತಿಯಲ್ಲಿ ಉದಾಹರಣೆಯಾಗಿಯೂ ಬಳಸಿದೆ.

ಹೋದ ವಾರ ಟೀ ಅಂಗಡಿಯಲ್ಲಿ ಮಗಳನ್ನು ಶಾಲೆಗೆ ಕರೆದೊಯ್ಯುವ ಆಟೋದವರು ಸಿಕ್ಕರು. ನಿಮ್ಮ ಮಗಳ ಕೈಚಳಕ ಬಹಳ ಚೆನ್ನಾಗಿದೆ ಸಾರ್ ಎಂದು ತಮಿಳಿನಲ್ಲಿ ಹೊಗಳಿದರು. ಯಾವ ಕೈಚಳಕ ಎಂದೆ. ಆಟೋ ನಮ್ಮ ಬೀದಿ ದಾಟಿದ ಕೂಡಲೇ ರಿಬ್ಬನ್ನು ಬಿಚ್ಚಿ, ಕನ್ನಡಿಯಿಲ್ಲದೆ ಬರೀ ಬೆರಳಲ್ಲಿ ಬೈತಲೆ ತೆಗೆದು, ಶಾಲೆ ಬರುವಷ್ಟರಲ್ಲಿ ಎರಡು ಜಡೆಯನ್ನೂ ಹಾಕಿ ಮುಗಿಸುತ್ತಾಳಂತೆ. ಯಾವಾಗಿನಿಂದ ಎಂದು ಕೇಳಿದೆ. ಅವರು ನೆನಪು ಮಾಡಿಕೊಂಡು ಹೇಳಿದ್ದು ನನ್ನ ಆ ಸೋಮವಾರವನ್ನೇ. ಟೀ ಅರ್ಧಕ್ಕೇ ಬಿಟ್ಟು ಬಂದೆ.

ಸಂಜೆ ಗಿರಿಜಾ ಬರುವ ಮೊದಲೇ ಮಗಳನ್ನು ಕೇಳಿದೆ, ಅಷ್ಟು ಬರುವವಳು ಮನೆಯಲ್ಲೇ ಹಾಕಿಕೊಳ್ಳಬಾರದಿತ್ತೇ ಎಂದು. ಹೋಂವರ್ಕಿನಿಂದ ತಲೆಯೆತ್ತದೆ ಹೇಳಿದಳು: "ನಾನೇ ಆಕ್ಕೊಂಡೆ ಅಂದ್ರೆ ಅಮ್ಮ, ಪಾಪ ಮಗು ಒಂಟಿಯಾಗೋಯ್ತು ಅಂತ ಅಳ್ತಾಳೆ. ಅಪ್ಪ ಆಕಿದ್ದು ಅಂದ್ರೆ ಧರ್ಮಪುರಿಗೆ ಓಗ್ತಾಳೆ."

ಮರುದಿನ ಬೆಳಿಗ್ಗೆ ವರ್ಷಿಣಿ ಎಂದಿನಂತೆ ಬಂದು ನನ್ನ ಮುಂದೆ ಬೆನ್ನು ಹಾಕಿ ಕೂತಳು. ನಾನೂ ಎಂದಿನಂತೆ ಇಪ್ಪತ್ತು ನಿಮಿಷ ಬೆವರು ಸುರಿಸಿ ಮುಗಿಸಿದೆ, ಸರಿಯಾಗಿದೆಯಾ ಎಂದು ಕೇಳಿದೆ. ಕನ್ನಡಿಯ ಕಡೆ ತಿರುಗದೆಯೇ, ಸರಿಯಾಗೈತೆ ಅಪ್ಪಾ ಎಂದು ಬ್ಯಾಗು ಹೆಗಲಿಗೇರಿಸಿದಳು. ಆಟೋದಲ್ಲಿ ಬಿಚ್ಚಲು ಕಷ್ಟವಾಗದಿರಲಿ ಎಂದು ಎರಡೂ ರಿಬ್ಬನ್ನಿನ ಗಂಟನ್ನು ನಾನು ಸ್ವಲ್ಪ ಸಡಿಲವಾಗಿಯೇ ಕಟ್ಟಿದ್ದೆ.