ದೊಡ್ಡಮ್ಮನ ಕಣಜಗಳು

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ದೊಡ್ಡಮ್ಮನಿಗೆ ಹೆದರದ ಜೀವ ಒಂದೇ ಒಂದು, ಕಣಜದ ಹುಳು! ತರಕಾರಿ ಗಾಡಿಯವನು, ನೀರಿನ ಬಿಲ್ಲಿನವನು, ಗಣೇಶನ ಚಂದಾ ಎತ್ತುವ ಪಡ್ಡೆಗಳು, ಎಲ್ಲರೂ ಗೇಟಿನ ಹೊರಗೇ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾರೆ. ಕಣಜ ಮಾತ್ರ ಹೇಳದೆ ಕೇಳದೆ ಒಳಗೆ ನುಗ್ಗಿ ಹಜಾರದ ಗೋಡೆಯ ಮೇಲೆ ಮನೆ ಕಟ್ಟಲು ಶುರುಮಾಡುತ್ತದೆ. ಆಗ ದೊಡ್ಡಮ್ಮ ಏನು ಮಾಡುತ್ತಾರೆ? ಫ್ಯಾನ್ ಆರಿಸುತ್ತಾರೆ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ!

"ಗಾಳಿಗೆ ಅದರ ಮಣ್ಣು ಬೇಗ ಒಣಗಿ ಬಿರುಕು ಬಿಡತ್ತೆ ಕಣೇ. ನಿಂಗೇನು, ಬೀಸಣಿಗೆ ಇದೆ."

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಗಂಡೆದೆ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ. ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಸರ್ವೀಸ್ ಮುಗಿಸಿದವರಾದ್ದರಿಂದ, ಲೋಕದಲ್ಲಿ ಏನು ಕಂಡರೂ ಅದು ಯಾವ ಕಡತಕ್ಕೆ ಸೇರಬೇಕೆಂದು ತೀರ್ಮಾನವಾಗದೆ ಅವರಿಗೆ ಅನ್ನ ಸೇರುವುದಿಲ್ಲ. ಕಣಜಗಳಿಗೂ ಕಡತಗಳಿವೆ. ಮರವನ್ನು ಅಗಿದು ಕಾಗದ ಮಾಡಿ, ಸೂರಿನಡಿ ಗೂಡು ತೂಗುಹಾಕಿ, ಅಕ್ಕತಂಗಿಯರೆಲ್ಲ ಒಟ್ಟಿಗೆ ಬಾಳುವ ಸಂಸಾರಸ್ಥರು ಒಂದು ಕಡತ. ಒಬ್ಬಳೇ ಓಡಾಡಿ ಮಣ್ಣು ತಂದು ಗಡಿಗೆ ಮೆತ್ತುವ ಕುಂಬಾರ ಹುಳು ಇನ್ನೊಂದು. ನೆಲ ತೋಡುವವು, ಅತ್ತಿಹಣ್ಣಿನೊಳಗೆ ಹುಟ್ಟುವವು, ಕಂಬಳಿಹುಳುವಿನ ಮೈಯೊಳಗೇ ಮೊಟ್ಟೆ ಇಡುವವು ಬೇರೆ ಬೇರೆ. ಕೊನೆಯದು, ಹಸಿರು ಜರಿಯಂತೆ ಥಳಥಳಿಸುವ ಒಂದು ಜಾತಿ. ಸ್ವಂತ ಗೂಡು ಕಟ್ಟುವ ಉಸಾಬರಿಯೇ ಇಲ್ಲ. ಯಾರೋ ಕಟ್ಟಿದ ಗೂಡಿಗೆ ನುಸುಳಿ, ಮೊಟ್ಟೆ ಇಟ್ಟು, ನಡೆದುಬಿಡುತ್ತದೆ.

ಒಂದು ಮದುವೆ ಮನೆಯಲ್ಲಿ, ಪ್ರತಿ ಬೇಸಿಗೆ ರಜಕ್ಕೂ ತಮ್ಮ ಮೂರು ಮಕ್ಕಳನ್ನು ದೊಡ್ಡಮ್ಮನ ಮನೆಗೆ ತಂದು ಬಿಟ್ಟು ಹೋಗುತ್ತಿದ್ದ ನೆಂಟರೊಬ್ಬರು ಎದುರಾದರು. ದೊಡ್ಡಮ್ಮ ನನ್ನ ತೋಳು ಚಿವುಟಿ, "ಪುಟ್ಟೀ, ಬಂತು ನೋಡು ಕೊನೇ ಕಡತ" ಎಂದರು. ಆಕೆ ಅಂದು ಹಸಿರು ಸೀರೆಯನ್ನೇ ಉಟ್ಟಿದ್ದರಲ್ಲಿ ನನ್ನ ತಪ್ಪೇನಿದೆ? ನಕ್ಕೆ. ಆಕೆ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಇನ್ನು ದೊಡ್ಡಮ್ಮನನ್ನು ಚಿಕ್ಕಪೇಟೆಗೆ ಕರೆದೊಯ್ದ ಪಾಪವನ್ನೂ ಮಾಡಿದ್ದೇನೆ. ಮೂಟೆ ಹೊತ್ತವರು "ಸೈಡ್, ಸೈಡ್!" ಎಂದು ಕಿರುಚುತ್ತಿದ್ದರೆ, ಇವರು ಗಲ್ಲಿಯ ನಟ್ಟನಡುವೆ ನಿಂತು, ಸೀರೆ ಅಂಗಡಿಯ ಬೋರ್ಡಿನಡಿ ತೂಗುತ್ತಿದ್ದ ಕಾಗದದ ಗೂಡಿನ ಕೋಣೆ ಎಣಿಸುತ್ತಿದ್ದಾರೆ. ಅಂಗಡಿಯವನು ಕೈಮುಗಿದ. "ಒಳಗ್ ಬನ್ನಿ ಅಮ್ಮಾ, ಹೊಸ ಸ್ಟಾಕ್ ಬಂದಿದೆ."

"ಒಳಗಿಂದು ಇರ್ಲಿ ಬಿಡಪ್ಪ. ಅಳತೆಪಟ್ಟಿ ಇಲ್ದೆ ಆರು ಮೂಲೆ ಹಿಂಗೆ ಕೂರಿಸೋ ಟೈಲರ್ ಇದ್ರೆ ಹೇಳು, ಬರ್ತೀನಿ!"

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ನಾನು ಆ ಮನೆಯಲ್ಲೇ ಇದ್ದೆ. ವಾರ ಇದ್ದು ಹೋಗುತ್ತೇನೆಂದು ಬಂದವಳಿಗೆ ಎರಡು ತಿಂಗಳಾಗಿತ್ತು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಮಲ್ಲೇಶ್ವರದ ಗಂಡನ ಮನೆಯಲ್ಲಿ ಯಾವ ಅರಿಶಿನ ಕುಂಕುಮ ನಡೆದರೂ ಕೋಸಂಬರಿಯ ಜೊತೆ ನನ್ನ ಹೊಟ್ಟೆಯ ವಿಚಾರವನ್ನೂ ಹಂಚುತ್ತಿದ್ದರು. ಗಂಡ ಪೇಪರಿನ ಹಿಂದೆ ಕ್ಷೇಮವಾಗಿದ್ದ. ಅಲ್ಲಿಗೆ ಹಿಂತಿರುಗಲು ಕಾಲು ಏಳುತ್ತಿರಲಿಲ್ಲ. ಇಲ್ಲೇ ಇದ್ದುಬಿಡಲೇ ಎಂದು ಕೇಳಲು ಬಾಯಿ ಬರುತ್ತಿರಲಿಲ್ಲ. ತಮ್ಮ ಲೋಟದ ಪಕ್ಕ ಇನ್ನೊಬ್ಬರ ಲೋಟ ಇದ್ದರೂ ಸಹಿಸದ ಹೆಂಗಸನ್ನು ಹೇಗೆ ಕೇಳುವುದು?

ಅಷ್ಟರಲ್ಲಿ ಕುಂಬಾರ ಹುಳು ಹಜಾರದ ಸ್ವಿಚ್ಚಿನ ಮೇಲೆ ಗೂಡು ಮುಗಿಸಿತು. ಈ ಹುಳು ಮನೆಯೊಳಗೆ ಗೂಡು ಕಟ್ಟಿದರೆ ಆ ಮನೆಯಲ್ಲಿ ಯಾರೋ ಬಸುರಿ ಎಂದು ನಮ್ಮ ಹಳಬರ ನಂಬಿಕೆ. ಬಟ್ಟಲು ಹಿಂತಿರುಗಿಸಲು ಬಂದ ಎದುರು ಮನೆಯ ಅಜ್ಜಿಯ ಕಣ್ಣು ಅರಳಿತು.

"ಯಾರಿಗಮ್ಮಾ ವಿಶೇಷ?"

"ನಂಗೇ" ಎಂದರು ದೊಡ್ಡಮ್ಮ. "ರಿಟೈರ್ ಆದ್ಮೇಲೆ ಈಗ ಟೈಮ್ ಸಿಕ್ತು."

ಅಜ್ಜಿ ಅವರನ್ನು ಬಿಟ್ಟು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. ಅಜ್ಜಿಯೂ ನಮ್ಮ ಅತ್ತೆಯೂ ಒಂದೇ ಭಜನಾ ಮಂಡಳಿ! ಮರುದಿನ ಬೆಳಗ್ಗೆ ಅತ್ತೆ ಆಟೋದಲ್ಲಿ ಬಂದಿಳಿದರು. ಕೈಯಲ್ಲಿ ಬಿಸಿಲಿನ ಛತ್ರಿ, ಚೀಲದಲ್ಲಿ ಹೂವು, ಹಣ್ಣು, ಹಸಿರು ಬಳೆ. ಆರು ವರ್ಷದಲ್ಲಿ ಮೊದಲ ಸಲ ನನ್ನ ಗಲ್ಲ ಸವರಿದರು. "ನಡಿಯಮ್ಮ ಮನೆಗೆ. ಇಂಥ ಟೈಮಲ್ಲಿ ಇಲ್ಲೆಲ್ಲಾ ಇರ್ಬಾರ್ದು."

ಸುಳ್ಳು ಯಾಕೆ ಹೇಳಲಿ, ಆ ಕೈಯ ಬಿಸುಪಿಗೆ ಒಂದು ಕ್ಷಣ ಹೂಂ ಅಂದುಬಿಡೋಣ ಎನ್ನಿಸಿತು.

"ಅತ್ತೆ, ಅಂಥದ್ದೇನೂ ಇಲ್ಲ."

ಬಳೆಗಳು ಚೀಲಕ್ಕೆ ಹಿಂತಿರುಗಿದವು. ಅತ್ತೆ ಗೋಡೆಯನ್ನು ದುರುಗುಟ್ಟಿ ನೋಡಿದರು. "ಮತ್ತೆ ಇದ್ಯಾಕೆ ಕಟ್ಟಿದೆ, ದಂಡಕ್ಕೆ?" ಎನ್ನುತ್ತಾ ಛತ್ರಿಯ ತುದಿಯನ್ನು ಗೂಡಿಗೆ ಎತ್ತಿದರು.

ದೊಡ್ಡಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದು ಯಾವಾಗಲೋ ನನಗೆ ಕಾಣಲಿಲ್ಲ. "ಛತ್ರಿ ಇಳಿಸಿ ಇವ್ರೇ. ಒಬ್ಳೇ ಹೊತ್ತು ತಂದಿರೋ ಮಣ್ಣು ಅದು. ಅವಳ ಮಕ್ಕಳಿಗೆ ಅವಳು ಕಟ್ಟಿದಾಳೆ. ನಮ್ಮ ಹುಡುಗಿ ಹೊಟ್ಟೆಗೆ ನೋಟೀಸ್ ಬೋರ್ಡ್ ಅಲ್ಲ."

"ನೀವು ಒಂಟಿ ಅಂತ ಅವಳನ್ನೂ ಒಂಟಿ ಮಾಡ್ತೀರಾ?"

"ನಿಮ್ಮನೇಲಿ ಅಷ್ಟು ಜನದ ಮಧ್ಯೆ ಇದ್ಳಲ್ಲ, ಆವಾಗ ಏನಾಗಿದ್ಳು?"

ಅತ್ತೆ ಛತ್ರಿ ಇಳಿಸಿ ನನ್ನ ಕಡೆ ತಿರುಗಿದರು. "ನಾನು ಬರಲ್ಲ ಅತ್ತೆ" ಎಂದೆ. ಅವರು ಚೀಲ ಎತ್ತಿಕೊಂಡು ಹೊರಟರು.

ಆಟೋದ ಸದ್ದು ಬೀದಿ ದಾಟಿತು. ಬರಲ್ಲ ಎಂದೇನೋ ಅಂದೆ. ಇರುವುದೆಲ್ಲಿ? ದೊಡ್ಡಮ್ಮ ಕೋಣೆಗೆ ಹೋಗಿದ್ದರು. ಒಳಗಿಂದ ಧಡಬಡ ಸದ್ದು. ಕೋಪವಿರಬೇಕು ಎಂದು ಹೆದರುತ್ತಲೇ ಹೋಗಿ ಇಣುಕಿದೆ. ಬೀರು ಬಾಯಿ ತೆರೆದಿತ್ತು. ಅವರ ಕಾಟನ್ ಸೀರೆಗಳೆಲ್ಲ ಮಂಚದ ಮೇಲೆ ರಾಶಿ ಬಿದ್ದಿದ್ದವು. ಮೇಲಿನ ಎರಡು ಖಾನೆಗಳಲ್ಲಿ ಹೊಸ ಪೇಪರ್ ಹಾಸಿತ್ತು.

"ಎರಡು ತಿಂಗಳಿಂದ ಸೂಟ್‌ಕೇಸಿಂದ ಎಳೆದೆಳೆದು ಉಡ್ತಿದೀಯ. ಒಂದು ಸೀರೆಗಾದ್ರೂ ಮಡಿಕೆ ನೆಟ್ಟಗಿದ್ಯಾ?" ಎಂದು ಗದರಿದರು, ನನ್ನ ಮುಖ ನೋಡದೆ. ಆಮೇಲೆ, ದಿನಾ ಸಂಜೆ ಮಂಡಿನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ಆ ಹೆಂಗಸು, ಒಂದು ಕಂತೆ ಸೀರೆ ಎತ್ತಿಕೊಂಡು, ಉಸಿರು ಬಿಗಿಹಿಡಿದು, ನೆಲದ ಹತ್ತಿರದ ಖಾನೆಗೆ ಬಗ್ಗಿದರು.

"ಮೇಲಿನೆರಡು ನಿಂದು. ನಂಗೆ ಬಗ್ಗೋಕೆ ಇನ್ನೂ ಬರತ್ತೆ."